ಬಿಸಿ ನೆಲದ ಹಕ್ಕಿ, ಬೆಚ್ಚನೆ ನೀರಿನ ಮೀನು

ಪ್ರಶ್ನೆ: ಕಾವು ಕೂರದೆ ಭೂಮಿಯ ಶಾಖದಲ್ಲೇ ಮರಿ ಮಾಡಿಸುವ ಕಾಡುಹಕ್ಕಿ ಇದೆಯಂತೆ. ಆಳ ಸಮುದ್ರದ ಸ್ಕೇಟ್ ಮೀನೂ ಹಾಗೇ ಮಾಡುತ್ತದೆಯೇ?

ಉತ್ತರ: ಉಪಾಯ ಒಂದೇ, ಲೆಕ್ಕಾಚಾರ ಬೇರೆ. ಹಕ್ಕಿ ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಮಲೆಯೋ. ಜೋಡಿ ಹಕ್ಕಿಗಳು ಕಾಡಿನಿಂದ ಹೊರಬಂದು, ಭೂಗರ್ಭದ ಶಾಖವಿರುವ ಮಣ್ಣಲ್ಲೋ ಬಿಸಿಲಿಗೆ ಕಾದ ಕಡಲ ಮರಳಲ್ಲೋ ಗುಂಡಿ ತೋಡುತ್ತವೆ. ಕೋಳಿಮೊಟ್ಟೆಯ ಸುಮಾರು ಐದು ಪಟ್ಟು ದೊಡ್ಡದಾದ ಒಂದು ಮೊಟ್ಟೆ ಇಟ್ಟು, ಮುಚ್ಚಿ, ಹೊರಟುಬಿಡುತ್ತವೆ. ಮಣ್ಣು ಸುಮಾರು 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ತೀರಾ ತಣ್ಣಗಾದರೂ ಕಾದರೂ ಮೊಟ್ಟೆ ಕೆಡುತ್ತದೆ. ಎರಡು ಮೂರು ತಿಂಗಳಿಗೆ ಹೊರಬರುವ ಮರಿ ತಾನೇ ಮಣ್ಣು ಕೆದರಿ ಮೇಲೆದ್ದು, ಹಾರಿಯೂ ಬಿಡುತ್ತದೆ! ಮೊಟ್ಟೆಯಲ್ಲಿ ಹಳದಿಯ ಪಾಲು ಹೆಚ್ಚಿರುವುದರಿಂದ ಅಷ್ಟು ಬೆಳೆದೇ ಹುಟ್ಟಲು ಸಾಧ್ಯ. ಉಡ, ಹಂದಿ, ಮನುಷ್ಯ ಮಾತ್ರ ಆ ಗುಂಡಿಗಳನ್ನು ಬಿಡುವುದಿಲ್ಲ.

ಮೀನು ಪೆಸಿಫಿಕ್ ಬಿಳಿ ಸ್ಕೇಟ್, ತೊರಕೆಯ ನೆಂಟ. 2015ರಲ್ಲಿ ಗಾಲಪಗೋಸ್ ಹತ್ತಿರ, ಸುಮಾರು 1,660 ಮೀಟರ್ ಆಳದಲ್ಲಿ, ದೂರನಿಯಂತ್ರಿತ ಯಂತ್ರದ ಕ್ಯಾಮೆರಾಕ್ಕೆ ಇದರ 157 ಮೊಟ್ಟೆಚೀಲಗಳು ಸಿಕ್ಕವು. ಅರ್ಧಕ್ಕೂ ಹೆಚ್ಚು ಚೀಲಗಳು ಸಮುದ್ರತಳದಲ್ಲಿ ಬಿಸಿನೀರು ಉಗುಳುವ ಕೊಳವೆಯಂಥ ಚಿಮಣಿಗಳಿಂದ 20 ಮೀಟರ್ ಒಳಗಿದ್ದವು. ಹಾಗೆಂದು ಬಿಸಿನೀರ ಸ್ನಾನ ಎಂದುಕೊಳ್ಳಬೇಡಿ. ಚಿಮಣಿಯ ಬಾಯಲ್ಲೇ ಇಟ್ಟರೆ ಮೊಟ್ಟೆ ಬೆಂದೇಹೋದೀತು. ಅಷ್ಟು ಆಳದಲ್ಲಿ ಸುತ್ತಲಿನ ನೀರು 3 ಡಿಗ್ರಿಯ ಆಸುಪಾಸು, ಚೀಲಗಳಿದ್ದ ಜಾಗ ಅದಕ್ಕಿಂತ ತುಸು ಬೆಚ್ಚಗೆ, ಅಷ್ಟೇ.

ಮಲೆಯೋಗೆ ಆ ಶಾಖವಿಲ್ಲದೆ ಮರಿಯೇ ಇಲ್ಲ. ಸ್ಕೇಟ್‌ಗೆ ಉಳಿಯುವುದು ಸಮಯ. ಇದರ ಮೊಟ್ಟೆ ಒಡೆಯಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕೆಂಬ ಅಂದಾಜಿದೆ. ಅಂಥ ಚಳಿಯಲ್ಲಿ ಚೂರು ಶಾಖವೂ ಭ್ರೂಣದ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ.