ಚುಕ್ಕಿ ಕಂಡವರು, ಕಕ್ಷೆ ಕಟ್ಟಿದವರು

ಪತ್ರ: ‘ನಮ್ಮ ಶಾಲೆಯ ಮೂವರು ಮಕ್ಕಳು ದೂರದರ್ಶಕದ ಚಿತ್ರಗಳನ್ನು ಪರಿಶೀಲಿಸಿ ಕ್ಷುದ್ರಗ್ರಹವೊಂದನ್ನು ಪತ್ತೆ ಹಚ್ಚಿ ಪ್ರಮಾಣಪತ್ರ ಪಡೆದ ಸುದ್ದಿಯನ್ನು ನೀವು ಐದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾವು “ಪತ್ತೆ ಹಚ್ಚಿದರು” ಎಂದು ಬರೆದು ಕಳಿಸಿದ್ದನ್ನು “ಚಲಿಸುವ ಚುಕ್ಕಿಯೊಂದನ್ನು ಗುರುತಿಸಿದರು” ಎಂದು ತಿದ್ದಿದ್ದೀರಿ. ಇದು ಮಕ್ಕಳಿಗೆ ಮಾಡಿದ ಅನ್ಯಾಯವಲ್ಲವೇ?’
– ವಿಜ್ಞಾನ ಶಿಕ್ಷಕರೊಬ್ಬರು, ದಾವಣಗೆರೆ

ಉತ್ತರ: ಮೇಷ್ಟ್ರೇ, ತಿದ್ದಿದ್ದು ನಾನೇ, ಅದೂ ತಿಳಿದೇ. ಕೆಲವು ನಿಮಿಷಗಳ ಅಂತರದಲ್ಲಿ ತೆಗೆದ ನಾಲ್ಕು ಚಿತ್ರಗಳಲ್ಲಿ ಸಾವಿರಾರು ನಕ್ಷತ್ರಗಳ ನಡುವೆ ಜಾಗ ಬದಲಿಸಿದ ಒಂದೇ ಚುಕ್ಕಿಯನ್ನು ಹಿಡಿಯುವುದಕ್ಕೆ ಹದ್ದಿನ ಕಣ್ಣು ಬೇಕು. ನಿಮ್ಮ ಮಕ್ಕಳಿಗೆ ಅದಿದೆ, ಸಂತೋಷ. ಆದರೆ ಚುಕ್ಕಿ ಕಂಡ ದಿನವೇ ಕ್ಷುದ್ರಗ್ರಹ ಸಿಕ್ಕಿತು ಎನ್ನುವುದನ್ನು ನಾನು ಒಪ್ಪಲಾರೆ.

ಚಿತ್ರದುರ್ಗದಲ್ಲಿ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ದೂರದ ಪಿ.ಬಿ. ರಸ್ತೆಯ ಕಡೆ ಒಂದು ದೀಪ ಮೆಲ್ಲಗೆ ಸರಿಯುವುದು ಕಾಣುತ್ತಿತ್ತು. ಅದು ಹತ್ತಿರದ ಸೈಕಲ್ಲೋ ದೂರದ ಲಾರಿಯೋ ಎಂದು ನಾನೂ ಅಣ್ಣನೂ ಪಂತ ಕಟ್ಟುತ್ತಿದ್ದೆವು. ಸ್ವಲ್ಪ ಹೊತ್ತು ನೋಡಿದ ಮಾತ್ರಕ್ಕೆ ಇಬ್ಬರೂ ಗೆದ್ದದ್ದಿಲ್ಲ. ಆಕಾಶದ ಚುಕ್ಕಿಯದೂ ಇದೇ ಪಾಡು. ದೂರದರ್ಶಕ ಕೊಡುವುದು ದಿಕ್ಕನ್ನು ಮಾತ್ರ, ದೂರವನ್ನಲ್ಲ.

1801ರ ಜನವರಿ 1ರಂದು ಇಟಲಿಯ ಪಲೆರ್ಮೋದಲ್ಲಿ ಖಗೋಳಜ್ಞ ಪಿಯಾಜಿ ಮೊದಲ ಕ್ಷುದ್ರಗ್ರಹವಾದ ಸೆರೆಸ್ ಅನ್ನು ಕಂಡರು. ಫೆಬ್ರವರಿ 11ರವರೆಗೆ ಅದರ ಬೆನ್ನು ಹತ್ತಿದರು, ಆಮೇಲೆ ಕಾಯಿಲೆ ಬಿದ್ದರು; ಅಷ್ಟರಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗಿ ಯುರೋಪಿನ ದೂರದರ್ಶಕಗಳೆಲ್ಲ ಕುರುಡಾದವು. ಆಗ ಇಪ್ಪತ್ನಾಲ್ಕು ವರ್ಷದ ಜರ್ಮನ್ ಗಣಿತಜ್ಞ ಗೌಸ್, ಆ 41 ದಿನಗಳ ಅಳತೆಗಳನ್ನಷ್ಟೇ ಮುಂದಿಟ್ಟುಕೊಂಡು, ಆಕಾಶದ ಕಡೆ ತಲೆಯೆತ್ತದೆ ಕಕ್ಷೆಯನ್ನು ಲೆಕ್ಕ ಹಾಕಿ, ಇಂಥಲ್ಲಿ ಹುಡುಕಿ ಎಂದ. ಅದೇ ವರ್ಷ ಡಿಸೆಂಬರ್ 31ರ ರಾತ್ರಿ ಖಗೋಳಜ್ಞ ಝಾಕ್ ಅಲ್ಲಿಗೆ ದೂರದರ್ಶಕ ತಿರುಗಿಸಿದಾಗ ಸೆರೆಸ್ ಹತ್ತಿರದಲ್ಲೇ ಇತ್ತು. ಪುಸ್ತಕಗಳು ಶೋಧಕನೆಂದು ಪಿಯಾಜಿಯನ್ನೇ ಬರೆಯುತ್ತವೆ, ಬರೆಯಲಿ. ಕಳೆದುಹೋದದ್ದನ್ನು ತಂದುಕೊಟ್ಟವನು ಗೌಸ್.

ನಮ್ಮ ನೆರೆಯ ಉದಾಹರಣೆಯೂ ಇದೆ. 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಕಂಡ ಕ್ಷುದ್ರಗ್ರಹಕ್ಕೆ, ಈ ಖಂಡದಿಂದ ಕಂಡ ಮೊದಲನೆಯದೆಂದು, ‘ಏಷ್ಯಾ’ ಎಂಬ ಹೆಸರಾಯಿತು. ಅದರ ಸಂಖ್ಯೆ 67. ಮಂಗಳ–ಗುರುಗಳ ನಡುವೆ ಕ್ಷುದ್ರಗ್ರಹಗಳು ಸುತ್ತುವ ಪಟ್ಟಿಯಲ್ಲಿ ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಸುಮಾರು 3.77 ವರ್ಷ ಬೇಕು. ರಸಪ್ರಶ್ನೆಗಳಲ್ಲಿ ಪಾಗ್ಸನ್ ಹೆಸರು ಬರುತ್ತದೆ, ಆ ಮೂರೂಮುಕ್ಕಾಲು ವರ್ಷವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದೇ ವೀಕ್ಷಣಾಲಯದಲ್ಲಿ ದುಡಿದ ಚಿಂತಾಮಣಿ ರಘುನಾಥಾಚಾರಿಯವರಂತೂ ಯಾರ ನೆನಪಿನಲ್ಲೂ ಇಲ್ಲ. ಪಂಚಾಂಗಕರ್ತರ ಮನೆತನದ ಅವರು ಕಣ್ಣಿಗೆ ಕಂಡದ್ದಕ್ಕೂ ಲೆಕ್ಕಕ್ಕೂ ತಾಳೆ ಬರುವಂತೆ ದೃಗ್ಗಣಿತ ಪಂಚಾಂಗ ರಚಿಸಿದರು. 1874ರ ಶುಕ್ರ ಸಂಕ್ರಮಣದ, ಅಂದರೆ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದರ, ಲೆಕ್ಕವನ್ನು ವಿವರಿಸುವ ಪುಸ್ತಿಕೆ ಬರೆದರು, ಅದು ಕನ್ನಡದಲ್ಲೂ ಬಂತು. ನಮ್ಮಲ್ಲಿ ಲೆಕ್ಕದವನಿಗೆ ಹಾರವಿಲ್ಲ. ಫಲಿತಾಂಶ ಬಂದ ಸಂಜೆಯೇ ಶಾಲು ಹೊದಿಸುವ ಅವಸರದವರಿಗೆ ವರ್ಷಗಟ್ಟಲೆ ಕೂಡಿ ಕಳೆಯುವ ಮನುಷ್ಯ ಕಾಣುವುದಾದರೂ ಹೇಗೆ? ಪತ್ರಿಕೆಗಳವರೂ ಕಡಿಮೆಯಿಲ್ಲ, ‘ಆಕಾಶಕಾಯಕ್ಕೆ ನಮ್ಮೂರ ಬಾಲಕನ ಹೆಸರು’ ಎಂಬ ತಲೆಬರಹವನ್ನು ಹಿಂದೊಮ್ಮೆ ನಾನೇ ಕೊಟ್ಟು ನಾಚಿಕೊಂಡಿದ್ದೇನೆ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1988ರ ಫೆಬ್ರವರಿ 17ರಂದು ಖಗೋಳಜ್ಞ ರಾಜಮೋಹನ್ ಕಂಡ ಕ್ಷುದ್ರಗ್ರಹಕ್ಕೆ, ಕಕ್ಷೆ ಖಚಿತವಾಗಿ 4130 ಎಂಬ ಸಂಖ್ಯೆ ಬಿದ್ದ ಮೇಲೆ, ಇಟ್ಟ ಹೆಸರು ಗಣಿತಜ್ಞ ರಾಮಾನುಜನ್ನರದು. ಅಲ್ಲಿ ಲೆಕ್ಕಕ್ಕೂ ಒಂದು ನಮಸ್ಕಾರ ಸಂದಿತೆಂದು ನನಗೆ ಖುಷಿ.

ನಿಮ್ಮ ಮಕ್ಕಳ ಚುಕ್ಕಿಗೆ ಬರೋಣ. ಅದು ಮಂಗಳ–ಗುರುಗಳ ನಡುವಿನ ಆ ಪಟ್ಟಿಯದೇ ಆಗಿದ್ದರೆ ಸುಮಾರು ಹದಿನೈದು-ಹದಿನಾರು ತಿಂಗಳಿಗೊಮ್ಮೆ ಸೂರ್ಯನಿಗೆ ಎದುರು ದಿಕ್ಕಿಗೆ, ಅಂದರೆ ವಿಯುತಿಗೆ, ಬರುತ್ತದೆ. ಸಾಮಾನ್ಯವಾಗಿ ಅಂಥ ನಾಲ್ಕು ವಿಯುತಿಗಳಲ್ಲಿ ಮತ್ತೆ ಮತ್ತೆ ಅಳೆದು ಕಕ್ಷೆ ಗಟ್ಟಿಯಾದ ಮೇಲೆಯೇ ಸಂಖ್ಯೆ. ಹೆಸರಿನ ಮಾತು ಅದರ ನಂತರ. ಅಷ್ಟರಲ್ಲಿ ಮಕ್ಕಳು ಕಾಲೇಜು ಸೇರಿರುತ್ತಾರೆ. ಈ ವಾರವೇ ಅವರನ್ನು ಕೂರಿಸಿ ನಾಲ್ಕೂ ಚಿತ್ರಗಳಲ್ಲಿ ಚುಕ್ಕಿ ಇದ್ದ ಸ್ಥಾನ, ಗಳಿಗೆಗಳನ್ನು ಒಂದು ಕೋಷ್ಟಕದಲ್ಲಿ ಬರೆಸಿ ಕಳಿಸಿ, ಅರ್ಧ ಪುಟ ಕೊಡುತ್ತೇನೆ. ತಿದ್ದುಪಡಿಯನ್ನು ಮಾತ್ರ ಪ್ರಕಟಿಸುವುದಿಲ್ಲ.