ಸಂಪಾದಕರ ಉತ್ತರ: ಆಡಮ್ಸ್ ಕೌಂಟಿಯ ಅಗ್ಗದ ಮನೆ

ಕಳೆದ ತಿಂಗಳು ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ ಬಂದ ಒಂದು ಪತ್ರಕ್ಕೆ ಈ ಸಂಚಿಕೆಯ ನನ್ನ ಪುಟಗಳನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇನೆ. ಬರೆದವರು ಹಾಸನದ ಕಡೆಯವರು, ಸಾಫ್ಟ್‌ವೇರ್ ಉದ್ಯೋಗಿ. ಹೆಸರು ಹಾಕಬಾರದೆಂದು ಕೋರಿದ್ದಾರೆ. ಮನೆಯಿಂದಲೇ ಕೆಲಸ ಮಾಡಲು ಅವರ ಕಂಪನಿ ಒಪ್ಪಿದೆ. ಈಗಿರುವ ಊರಿನಲ್ಲಿ ಹದಿನೈದು ಲಕ್ಷ ಡಾಲರು ಹಿಡಿದುಕೊಂಡು ಹೊರಟರೂ ಮನಸ್ಸಿಗೆ ಒಪ್ಪುವ ಮನೆ ಸಿಗುತ್ತಿಲ್ಲ. ಅಯೋವಾ ರಾಜ್ಯದ ನೈರುತ್ಯ ಭಾಗದ ಆಡಮ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂತಹ ವಿಭಾಗ) ಒಂದು ಲಕ್ಷದ ಹದಿನೈದು ಸಾವಿರ ಡಾಲರಿಗೆ ನಾಲ್ಕು ಮಲಗುವ ಕೋಣೆಗಳ ಮನೆಯೊಂದು ಮಾರಾಟಕ್ಕಿರುವುದನ್ನು ನೋಡಿದ್ದಾರೆ. ಮಗಳಿಗೆ ಏಳು ವರ್ಷ, ಮೇ ತಿಂಗಳಲ್ಲಿ ಎರಡನೆಯ ಮಗು ಹುಟ್ಟಲಿದೆ, ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ. “ಜೀವನವೆಚ್ಚದ ಸೂಚ್ಯಂಕವನ್ನು ನಂಬಿದರೆ ಈಗಿನ ಸಂಬಳದಲ್ಲಿ ನಾವು ಅಲ್ಲಿ ರಾಜರಂತೆ ಇರಬಹುದು. ನೀವು ಅಯೋವಾದಲ್ಲಿ ಬಾಳಿದವರು. ನನ್ನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಹೇಳಿ” ಎಂದು ಕೇಳಿದ್ದಾರೆ.

ಪ್ರಿಯರೇ, ಪತ್ರದ ಜೊತೆಗೆ ನೀವು ಲಗತ್ತಿಸಿರುವ ಖರ್ಚಿನ ಪಟ್ಟಿಯನ್ನು ಎರಡು ಸಲ ಓದಿದೆ. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ನಮ್ಮ ಕನ್ನಡ ಸಂಘದ ಖಜಾಂಚಿಗಳೂ ಇಡುವುದಿಲ್ಲ. ಅದರಲ್ಲಿ ತಪ್ಪೂ ಇಲ್ಲ. ಅಯೋವಾದ ವರಮಾನ ತೆರಿಗೆ 2025ರಿಂದ ಎಲ್ಲರಿಗೂ ಒಂದೇ ದರದಲ್ಲಿ, 3.8 ಪ್ರತಿಶತಕ್ಕೆ ಇಳಿದಿದೆ. ನಿಮ್ಮ ವರಮಾನದ ಮೇಲಿನ ಪದರಕ್ಕೆ ಕ್ಯಾಲಿಫೋರ್ನಿಯಾ ತೆಗೆದುಕೊಳ್ಳುವ 9.3 ಪ್ರತಿಶತದ ಎದುರು ಅದು ಅರ್ಧಕ್ಕಿಂತಲೂ ಕಡಿಮೆ. ಶಾಲೆಯ ಬಸ್ಸು ಮನೆಯ ಮುಂದೆಯೇ ಬಂದು ನಿಲ್ಲುತ್ತದೆ. ಹಳೆಯ ದೂರವಾಣಿ ಸಹಕಾರ ಸಂಘಗಳ ದಯೆಯಿಂದ ಅಯೋವಾದ ಎಷ್ಟೋ ಹಳ್ಳಿಗಳಲ್ಲಿ ಪಟ್ಟಣಗಳಿಗಿಂತ ಒಳ್ಳೆಯ ಇಂಟರ್‌ನೆಟ್ ಇದೆ. ಇಷ್ಟನ್ನು ನಿಮ್ಮ ಪರವಾಗಿ ಒಪ್ಪಿಕೊಂಡು, ನನ್ನ ಮಾತಿಗೆ ಬರುತ್ತೇನೆ.

ಆ ಮನೆ ಏಕೆ ಅಗ್ಗ ಎಂದು ನೀವು ಕೇಳಲೇ ಇಲ್ಲ. ಆಡಮ್ಸ್ ಅಯೋವಾದ 99 ಕೌಂಟಿಗಳಲ್ಲಿ ಅತ್ಯಂತ ಕಡಿಮೆ ಜನರಿರುವ ಕೌಂಟಿ. 1900ರಲ್ಲಿ ಅಲ್ಲಿ 13,601 ಜನರಿದ್ದರು. 2020ರ ಜನಗಣತಿಯ ಹೊತ್ತಿಗೆ ಉಳಿದವರು 3,704. ಕುದುರೆಯ ಕಾಲದಲ್ಲಿ 160 ಎಕರೆ ಒಂದು ಕುಟುಂಬದ ಕೈತುಂಬ ಕೆಲಸವಾಗಿತ್ತು. ಟ್ರ್ಯಾಕ್ಟರು, ಕಂಬೈನ್‌ಗಳು ಬಂದ ಮೇಲೆ ಅದೇ ಕುಟುಂಬ ಸಾವಿರ ಎಕರೆ ಉಳುವಂತಾಯಿತು, ಮಿಕ್ಕ ಕುಟುಂಬಗಳು ಮನೆ ಬಿಟ್ಟು ನಡೆದವು. ನೆಲ ಮಾತ್ರ ಅಗ್ಗವಾಗಲಿಲ್ಲ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಪ್ರತಿವರ್ಷ ನಡೆಸುವ ಸಮೀಕ್ಷೆಯ ಪ್ರಕಾರ 2024ರಲ್ಲಿ ರಾಜ್ಯದ ಹೊಲದ ಸರಾಸರಿ ಬೆಲೆ ಎಕರೆಗೆ 11,467 ಡಾಲರು. ಅಂದರೆ ಹತ್ತು ಎಕರೆ ಮೆಕ್ಕೆಜೋಳದ ಹೊಲಕ್ಕೆ ಕೊಡುವ ಹಣದಲ್ಲಿ ನಿಮಗೆ ನಾಲ್ಕು ಕೋಣೆಗಳ ಮನೆ ಸಿಗುತ್ತಿದೆ. ಅಲ್ಲಿಯ ಮಾರುಕಟ್ಟೆಗೆ ಮಣ್ಣು ಬೇಕು, ಮನುಷ್ಯರು ಬೇಕಾಗಿಲ್ಲ; ನಿಮ್ಮ ಸೂಚ್ಯಂಕ ಅದನ್ನೇ ಉಳಿತಾಯವೆಂದು ಬರೆದುಕೊಂಡಿದೆ.

ನೆಲ ಅಗ್ಗವಾಗಿದ್ದ ಕಾಲವನ್ನೂ ನಾನು ನೋಡಿದ್ದೇನೆ, ಅದು ಇನ್ನೂ ಘೋರ. ಆ ವಿಶ್ವವಿದ್ಯಾಲಯವಿರುವ ಏಮ್ಸ್ ಊರಿಗೆ ನಾನು ಓದಲು ಬಂದದ್ದು 1984ರಲ್ಲಿ. 1981ರಲ್ಲಿ ಎಕರೆಗೆ 2,147 ಡಾಲರಿದ್ದ ಬೆಲೆ 1986ಕ್ಕೆ 787ಕ್ಕೆ ಕುಸಿದಿತ್ತು. ಹೊಲವನ್ನು ಅಡವಿಟ್ಟು ಸಾಲ ಮಾಡಿದ್ದವರು ಬಡ್ಡಿಯ ಏರಿಕೆಗೆ ಸಿಕ್ಕಿ ದಿವಾಳಿಯಾಗುತ್ತಿದ್ದರು. ಓದು ಮುಗಿಸಿ, ಧಾನ್ಯ ಒಣಗಿಸುವ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಎರಡು ಸಾವಿರ ಜನರ ಒಂದು ಕೌಂಟಿ ಕೇಂದ್ರದಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದೆ. ನ್ಯಾಯಾಲಯದ ಚೌಕದ ಸುತ್ತ ಮೊದಲು ಬೂಟಿನ ಅಂಗಡಿ, ಆಮೇಲೆ ಬಟ್ಟೆಯಂಗಡಿ, ಆಮೇಲೆ ಔಷಧದ ಅಂಗಡಿ ಮುಚ್ಚಿದ್ದನ್ನು ಕ್ರಮವಾಗಿ ಕಂಡವನು ನಾನು.

ಅಗ್ಗವೆಂದು ಆಡಮ್ಸ್ ಕೌಂಟಿಗೆ ಬಂದವರಲ್ಲಿ ನೀವು ಮೊದಲಿಗರೂ ಅಲ್ಲ. ಎತಿಯೆನ್ ಕಾಬೆ ಎಂಬ ಫ್ರೆಂಚ್ ಚಿಂತಕನ ಅನುಯಾಯಿಗಳು 1850ರ ದಶಕದಲ್ಲಿ ಇಲಿನಾಯ್ ರಾಜ್ಯದಿಂದ ಹೊರಟು, ಈಗ ಆಡಮ್ಸ್ ಕೌಂಟಿಯ ಕೇಂದ್ರವಾಗಿರುವ ಕಾರ್ನಿಂಗ್ ಊರಿನ ಹತ್ತಿರ ಜಮೀನು ಹಿಡಿದು ‘ಇಕಾರಿಯಾ’ ಎಂಬ ಸಮುದಾಯವನ್ನು ಕಟ್ಟಿದರು. ಸ್ವಂತ ಆಸ್ತಿಯಿಲ್ಲ, ಎಲ್ಲರಿಗೂ ಒಂದೇ ಊಟದ ಮನೆ. ಸಾಲ, ಚಳಿ, ಪರಿಚಯವಿಲ್ಲದ ಬೇಸಾಯ ಎಲ್ಲವನ್ನೂ ತಡೆದುಕೊಂಡವರು 1870ರ ದಶಕದ ಕೊನೆಯಲ್ಲಿ ಕಿರಿಯರು ಹಿರಿಯರೆಂದು ಜಗಳವಾಡಿ ಎರಡು ಪಾಲಾದರು. ಆದರೂ ಹಿರಿಯರ ಪಾಲು 1898ರವರೆಗೆ ಉಳಿಯಿತು. ಅಗ್ಗದ ನೆಲ ಅವರನ್ನು ಅಲ್ಲಿಗೆ ಕರೆತಂದಿರಬಹುದು, ನಲವತ್ತು ವರ್ಷ ಅಲ್ಲಿ ಉಳಿಸಿದ್ದು ಆ ಊಟದ ಮನೆ.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ ಖರ್ಚುಗಳು. ಮೊದಲನೆಯದು ದೂರ. ಕಾರ್ನಿಂಗ್‌ನಿಂದ ಡೆಮೊಯಿನ್ ನಗರಕ್ಕಾಗಲಿ ಒಮಾಹಾಕ್ಕಾಗಲಿ ಸುಮಾರು ಒಂದೂವರೆ ಗಂಟೆಯ ದಾರಿ; ತೊಗರಿಬೇಳೆಗೂ ಕರಿಬೇವಿಗೂ ಅಲ್ಲಿಗೇ ಹೋಗಬೇಕು. ಊರಿನಲ್ಲಿ ಆಸ್ಪತ್ರೆ ಇದೆ. 1997ರ ಒಂದು ಕಾಯಿದೆ ಇಂತಹ ಸಣ್ಣ ಆಸ್ಪತ್ರೆಗಳಿಗೆ ಪ್ರತ್ಯೇಕ ವರ್ಗವನ್ನು ಮಾಡಿ, ಹಾಸಿಗೆಗಳ ಸಂಖ್ಯೆಗೆ ಮಿತಿ ಹಾಕಿ (ಈಗ ಅದು 25), ಹಿರಿಯ ನಾಗರಿಕರ ಚಿಕಿತ್ಸೆಗೆ ತಗಲುವ ವೆಚ್ಚವನ್ನು ಸರ್ಕಾರವೇ ಭರಿಸುವಂತೆ ಮಾಡಿತು. ಅದಿಲ್ಲದಿದ್ದರೆ ಇವುಗಳಲ್ಲಿ ಬಹಳಷ್ಟು ಇಷ್ಟರಲ್ಲಿ ಬೀಗ ಹಾಕುತ್ತಿದ್ದವು. ಆದರೆ ಹೆರಿಗೆಯ ವಿಷಯ ಬೇರೆ. ಹೆರಿಗೆ ವಾರಕ್ಕೊಂದಾಗಲಿ ಎರಡಾಗಲಿ, ದಾದಿಯರೂ ಅರಿವಳಿಕೆ ಕೊಡುವವರೂ ಹಗಲಿರುಳು ಸಿದ್ಧರಿರಬೇಕು, ಅವರ ಸಂಬಳ ಹುಟ್ಟುವುದಿಲ್ಲ. ಆದ್ದರಿಂದ ಅಯೋವಾದ ಗ್ರಾಮೀಣ ಆಸ್ಪತ್ರೆಗಳು ಒಂದರ ಹಿಂದೆ ಒಂದರಂತೆ ಹೆರಿಗೆ ವಿಭಾಗಗಳನ್ನು ಮುಚ್ಚುತ್ತಿವೆ. ಮೇ ತಿಂಗಳಲ್ಲಿ ದಿನ ತುಂಬುವ ಹೆಂಡತಿ ಇರುವವರು ಮನೆಯ ಬೆಲೆಗಿಂತ ಮೊದಲು ಇದನ್ನು ವಿಚಾರಿಸಬೇಕಿತ್ತಲ್ಲವೇ? ಪಟ್ಟಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲಿಗೂ ಒಂದು ಸಾಲು ಇಟ್ಟಿದ್ದೀರಿ.

ಇನ್ನು ಆಂಬುಲೆನ್ಸಿನ ಮಾತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನನ್ನ ಮನೆಯೊಳಗಿನ ಕಥೆ. ಅಯೋವಾದ ಕೌಂಟಿಗಳು ಆಂಬುಲೆನ್ಸನ್ನು ಅಗತ್ಯ ಸೇವೆಯೆಂದು ಘೋಷಿಸಿ ಅದಕ್ಕಾಗಿ ತೆರಿಗೆ ಎತ್ತಲು ದಾರಿಯಾದದ್ದು 2021ರ ಕಾನೂನಿನಿಂದ. ಅದಕ್ಕೂ ಮತದಾರರಲ್ಲಿ 60 ಪ್ರತಿಶತ ಜನ ಒಪ್ಪಬೇಕು. ಹಳ್ಳಿಗಳಲ್ಲಿ ಈ ಕೆಲಸವನ್ನು ಬಹುಪಾಲು ನಡೆಸಿಕೊಂಡು ಬಂದವರು ಸ್ವಯಂಸೇವಕರು: ಬ್ಯಾಂಕಿನ ಗುಮಾಸ್ತೆ, ಶಾಲೆಯ ಬಸ್ಸಿನ ಚಾಲಕ, ಹಂದಿ ಸಾಕುವ ರೈತ. ನನ್ನ ಶ್ರೀಮತಿ ಆ ಊರಿಗೆ ಬಂದ ಎರಡನೆಯ ವರ್ಷ ಬೇಸರ ಕಳೆಯಲೆಂದು ಅವರ ತರಬೇತಿಗೆ ಸೇರಿದಳು, ಆರು ವರ್ಷ ಪೇಜರನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದಳು. ಜನವರಿಯ ನಡುರಾತ್ರಿ ಸೀರೆಯ ಮೇಲೆಯೇ ಜಾಕೆಟ್ ಹಾಕಿಕೊಂಡು ಓಡಿದ್ದೂ ಉಂಟು. ಆ ಊರಿನಲ್ಲಿ ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಲು ಜನ ಕಲಿತದ್ದು ಅದಾದ ಮೇಲೆ.

ನಾನು ಇದನ್ನು ತಡವಾಗಿ ಕಲಿತೆ. ಅಗ್ನಿಶಾಮಕ ದಳಕ್ಕೆ ಹಣ ಕೂಡಿಸಲು ಪ್ರತಿ ವಸಂತದಲ್ಲಿ ಪ್ಯಾನ್‌ಕೇಕ್ ಉಪಾಹಾರವಿರುತ್ತಿತ್ತು. ಮೊದಲ ವರ್ಷ ಐದು ಡಾಲರು ಕೊಡಬೇಕಾದಲ್ಲಿ ಇಪ್ಪತ್ತು ಕೊಟ್ಟು, ತಿಂದು, ದೊಡ್ಡ ಉಪಕಾರ ಮಾಡಿದವನಂತೆ ಮನೆಗೆ ಬಂದೆ. ಮರುದಿನ ಪಕ್ಕದ ಮನೆಯ ಮುದುಕ ಬೇಲಿಯ ಆಚೆಯಿಂದ, ಕೋಪವಿಲ್ಲದೆ, ಬೆಳಗಿನ ಐದು ಗಂಟೆಗೆ ಹಿಟ್ಟು ಹುಯ್ಯಲು ಇಬ್ಬರು ಕಡಿಮೆ ಬಿದ್ದರು ಎಂದ. ಮುಂದಿನ ಒಂಬತ್ತು ವರ್ಷ ಹಿಟ್ಟು ಹುಯ್ದೆ. ದೋಸೆ ಹುಯ್ದು ಅಭ್ಯಾಸವಿದ್ದ ಕೈ, ತೆಳ್ಳಗೆ ಬರುತ್ತದೆಂಬ ದೂರು ಮಾತ್ರ ಕೊನೆಯವರೆಗೂ ಇತ್ತು. ಹಿಮ ತೆಗೆಯುವವರಿಗೆ ಸನಿವೇಲ್‌ನಲ್ಲಿ ತೋಟದವನಿಗೆ ಕೊಡುವಂತೆ ತಿಂಗಳಿಗಿಷ್ಟು ಎಂದು ನಿಮ್ಮ ಪಟ್ಟಿಯಲ್ಲಿ ಬರೆದಿದ್ದೀರಲ್ಲ, ನಮ್ಮ ಅಂಗಳದ ಹಿಮವನ್ನು ಅದೇ ಮುದುಕ ನಾವು ಏಳುವ ಮುಂಚೆ ತೆಗೆದುಬಿಡುತ್ತಿದ್ದ. ಹಣ ಚಾಚಿದರೆ ಅವನಿಗೆ ಅವಮಾನ. ಅದನ್ನು ತೀರಿಸಲು ನಾನು ಇನ್ನೊಬ್ಬರ ಅಂಗಳಕ್ಕೆ ಹೋಗಬೇಕಾಗಿತ್ತು. ನಿಮ್ಮ ರಾಜಯೋಗಕ್ಕೆ ಈ ತೆರಿಗೆಯಿಂದ ವಿನಾಯಿತಿ ಇಲ್ಲ.

2024ರ ಮೇ 21ರ ಸುಂಟರಗಾಳಿ ಆಡಮ್ಸ್ ಕೌಂಟಿಯನ್ನು ಹಾಯ್ದು, ಪ್ರೆಸ್ಕಾಟ್ ಬಳಿಯ ಗಾಳಿಯಂತ್ರದ ಗೋಪುರಗಳನ್ನೇ ಮುರಿದು ಕೆಡವಿ, ನೆರೆಯ ಅಡೇರ್ ಕೌಂಟಿಯ ಗ್ರೀನ್‌ಫೀಲ್ಡ್ ಊರನ್ನು ಸೀಳಿಕೊಂಡು ಹೋಯಿತು. ಮನೆಯ ವಿಮೆಯ ಕಂತನ್ನು ಮಾರಾಟಗಾರರ ಅಂದಾಜಿನಿಂದ ಬರೆದುಕೊಳ್ಳದೆ ವಿಮೆಯವರಿಂದಲೇ ಕೇಳಿ ಬರೆದುಕೊಳ್ಳಿ. ಮನೆಗೆ ಸ್ವಂತ ಬಾವಿಯಿದ್ದರೆ ನೀರಿನಲ್ಲಿ ಹೊಲದ ಗೊಬ್ಬರದಿಂದ ಇಳಿಯುವ ನೈಟ್ರೇಟ್ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿ. ಲೀಟರಿಗೆ 10 ಮಿಲಿಗ್ರಾಂ ಎಂಬ ಮಿತಿಯನ್ನು ಇಟ್ಟಿರುವುದೇ ಹಸುಗೂಸುಗಳನ್ನು ನೆನೆದು.

ವೀಸಾದ ವಿಷಯದಲ್ಲಿ ನೀವು ನನ್ನನ್ನು ಬೆಚ್ಚಿಬೀಳಿಸಿದಿರಿ. ಎಚ್-1ಬಿ ವೀಸಾದಲ್ಲಿರುವವರು ಕೆಲಸದ ಜಾಗವನ್ನು ಬೇರೆ ಪ್ರದೇಶಕ್ಕೆ ಬದಲಿಸಿದರೆ, ಅದು ಸ್ವಂತ ಮನೆಯ ಮೇಜೇ ಆಗಿರಲಿ, ಕಂಪನಿ ತಿದ್ದುಪಡಿಯ ಅರ್ಜಿ ಹಾಕಬೇಕೆಂಬುದು 2015ರಿಂದ ಸ್ಪಷ್ಟವಾಗಿದೆ. ಕೆಲಸ ಹೋದರೆ ನಿಮಗಿರುವುದು ಹೆಚ್ಚೆಂದರೆ 60 ದಿನ. ಸನಿವೇಲ್‌ನಲ್ಲಿ ಆ ಅರವತ್ತು ದಿನಗಳಲ್ಲಿ ಹತ್ತು ಬಾಗಿಲು ತಟ್ಟಬಹುದು; 3,704 ಜನರ ಕೌಂಟಿಯಲ್ಲಿ ಯಾವ ಬಾಗಿಲು? ಮನೆಯನ್ನು ಮಾರಿ ಹೊರಡೋಣವೆಂದರೆ, ಅಗ್ಗಕ್ಕೆ ಸಿಕ್ಕ ಮನೆ ಅಗ್ಗಕ್ಕೂ ಬೇಗ ಮಾರಾಟವಾಗುವುದಿಲ್ಲ.

ಇಲ್ಲಿ ನನ್ನ ಹಳೆಯ ಸಿಟ್ಟೊಂದನ್ನು ಕಾರಿಕೊಳ್ಳಲು ಅನುಮತಿ ಕೊಡಿ. ಊರುಗಳನ್ನು ‘ವಾಸಯೋಗ್ಯತೆ’ಯ ಅಂಕ ಹಾಕಿ ಸಾಲುಗಟ್ಟಿಸುವ ಈ ಪಟ್ಟಿಗಳು ಬಂದಾಗಿನಿಂದ ನಮ್ಮ ಜನ ಊರನ್ನು ಹೋಟೆಲಿನ ಕೋಣೆಯಂತೆ ಆರಿಸಲು ಕಲಿತಿದ್ದಾರೆ. ಸರ್ಕಾರಗಳಿಗೂ ಅದೇ ಬುದ್ಧಿ. ಕಾನ್ಸಸ್ ರಾಜ್ಯ 2011ರಲ್ಲಿ, ಜನ ಖಾಲಿಯಾಗುತ್ತಿರುವ ಕೌಂಟಿಗಳಿಗೆ ಹೊರಗಿನಿಂದ ಬಂದು ನೆಲೆಸುವವರಿಗೆ ಐದು ವರ್ಷ ರಾಜ್ಯದ ವರಮಾನ ತೆರಿಗೆಯನ್ನೇ ಬಿಟ್ಟುಕೊಡುವ ಯೋಜನೆ ತಂದಿತು. ಇನ್ನೊಂದೆಡೆ ಅಯೋವಾದ್ದೇ ಸ್ಟಾರ್ಮ್ ಲೇಕ್ ಊರನ್ನು ನೋಡಿ. ಮಾಂಸದ ಕಾರ್ಖಾನೆಗಳ ಕಷ್ಟದ ಕೆಲಸಕ್ಕೆ ಲಾವೋಸ್, ಮೆಕ್ಸಿಕೊ ಮುಂತಾದ ದೇಶಗಳಿಂದ ಬಂದವರು ಅಲ್ಲಿ ಮನೆ ಮಾಡಿ, ಅಂಗಡಿ ಇಟ್ಟು, ಶಾಲೆಯ ಕೋಣೆಗಳನ್ನು ತುಂಬಿಸಿದ್ದಾರೆ. ಆ ಊರಿನ ಸಣ್ಣ ಪತ್ರಿಕೆಯ ಸಂಪಾದಕ ಆರ್ಟ್ ಕಲೆನ್, ಹೊಲಗಳಿಂದ ನದಿಗೆ ಹರಿಯುವ ನೈಟ್ರೇಟಿನ ವಿಚಾರವಾಗಿ ದೊಡ್ಡ ಕೃಷಿ ಹಿತಾಸಕ್ತಿಗಳನ್ನು ಎದುರುಹಾಕಿಕೊಂಡು ಬರೆದ ಸಂಪಾದಕೀಯಗಳಿಗೆ 2017ರ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. (ನನ್ನ ಹೊಟ್ಟೆಕಿಚ್ಚನ್ನು ಓದುಗರು ಮನ್ನಿಸಬೇಕು.) ಯಾವ ವಾಸಯೋಗ್ಯತೆಯ ಅಂಕದಲ್ಲಿ ಇಂತಹ ಪತ್ರಿಕೆಗೆ ಒಂದು ಕಲಮು ಇದೆ?

ನಮ್ಮವರಲ್ಲೂ ಈ ಲೆಕ್ಕವನ್ನು ಮೀರಿದವರಿದ್ದಾರೆ. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ಸೇವೆ ಮಾಡುವುದಾದರೆ ವಿದೇಶಿ ವೈದ್ಯರು ಸ್ವದೇಶಕ್ಕೆ ಮರಳದೆ ಇಲ್ಲಿಯೇ ಉಳಿಯಬಹುದೆಂಬ ನಿಯಮವನ್ನು 1994ರಲ್ಲಿ ಮಾಡಿದ್ದು ಉತ್ತರ ಡಕೋಟದ ಸೆನೆಟರ್ ಕೆಂಟ್ ಕಾನ್ರಡ್. ಆ ಬಾಗಿಲಿನಿಂದ ನಮ್ಮ ಊರಿಗೆ ಬಂದ, ದಾವಣಗೆರೆಯಲ್ಲಿ ಓದಿದ ವೈದ್ಯರೊಬ್ಬರು ಮೂರು ವರ್ಷ ಮುಗಿದ ದಿನ ಹೊರಡುವರೆಂದು ಎಲ್ಲರೂ ಎಣಿಸಿದ್ದರು. ಅವರು ಇನ್ನೂ ಅಲ್ಲಿಯೇ ಇದ್ದಾರೆ.

ನಾನು ಇಲ್ಲ. ಮಗಳು ಹೈಸ್ಕೂಲಿಗೆ ಬಂದ ವರ್ಷ, ಮಕ್ಕಳು ಸಾಲದೆ ನಮ್ಮ ಶಾಲೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ಸೇರಿಸುವ ಮಾತು ಎದ್ದಿತು, ನಾನು ಶಿಕಾಗೊ ಕಡೆಗೆ ಹೊರಟುಬಂದೆ. ಹೋಗುವ ಪ್ರತಿ ಮಗುವಿನ ಜೊತೆಗೆ ರಾಜ್ಯದ ಅನುದಾನವೂ ಹೋಗುತ್ತದೆಂಬುದು ಗೊತ್ತಿದ್ದೂ ಹೊರಟೆ. ತೀರ್ಥಹಳ್ಳಿಯ ಕಡೆ ಅಡಿಕೆ ತೋಟಕ್ಕೆ ಬಂಗಾರದ ಬೆಲೆ, ತೋಟದ ನಡುವಿನ ಮನೆಯಲ್ಲಿ ಇಬ್ಬರು ಮುದುಕರು ಎಂದು ನಾನು ಇದೇ ಪುಟದಲ್ಲಿ ಅನೇಕ ಸಲ ಕೊರಗಿದ್ದೇನೆ. ಆ ಮನೆಗಳಲ್ಲೊಂದು ನಮ್ಮದು. ಆದ್ದರಿಂದ ನಿಮ್ಮನ್ನು ಗದರಿಸುವ ನನ್ನ ಹಕ್ಕು ಅಷ್ಟಕ್ಕಷ್ಟೇ.

ಹಾಗಿದ್ದರೂ, ಹೋಗಬೇಡಿ ಎಂದು ನಾನು ಬರೆಯುತ್ತಿಲ್ಲ. ಹೆರಿಗೆ ಮತ್ತು ಬಾಣಂತನ ಈಗಿರುವ ಊರಿನಲ್ಲಿಯೇ ಆಗಲಿ. ಬಾಣಂತನಕ್ಕೆ ಬರುವ ನಿಮ್ಮ ಅತ್ತೆಯವರಿಗೆ ಅಲ್ಲಿ ಸಂಜೆ ಉದ್ಯಾನದಲ್ಲಿ ಮಾತಿಗೆ ನಾಲ್ಕು ಜನ ಸಿಗುತ್ತಾರೆ. ನನ್ನ ತಾಯಿ ಅಯೋವಾಕ್ಕೆ ಆರು ತಿಂಗಳಿಗೆಂದು ಬಂದವರು ಎರಡೇ ತಿಂಗಳಲ್ಲಿ ಟಿಕೆಟ್ ಮಾಡಿಸಿಕೊಡೆಂದು ಹಟ ಹಿಡಿದಿದ್ದರು. ಅಷ್ಟರೊಳಗೆ, ಬರುವ ಫೆಬ್ರವರಿಯಲ್ಲಿ ನೀವೊಬ್ಬರೇ ಕಾರ್ನಿಂಗ್‌ಗೆ ಹೋಗಿ ಒಂದು ವಾರ ಉಳಿಯಿರಿ. 1902ರಲ್ಲಿ ಕಟ್ಟಿದ ಅಲ್ಲಿಯ ಆಪೆರಾ ಹೌಸನ್ನು ಪಾಳುಬೀಳಲು ಬಿಡದೆ ಊರಿನವರು ಹಣ ಕೂಡಿಸಿ ಮತ್ತೆ ಎದ್ದು ನಿಲ್ಲಿಸಿದ್ದಾರೆ. ಅದನ್ನು ನಡೆಸುವವರನ್ನು ಹುಡುಕಿ ಮಾತನಾಡಿಸಿ. ಮನೆಯ ದಲ್ಲಾಳಿಯನ್ನು ಕೊನೆಯ ದಿನ ನೋಡಿದರೆ ಸಾಕು. ಮರಳಿದ ಮೇಲೆ ನಿಮ್ಮ ಪಟ್ಟಿಯನ್ನು ತಿದ್ದಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ. ಚಳಿಗಾಲದ ಬೂಟುಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳಬೇಡಿ, ಅವು ಅಲ್ಲಿಯ ಹಿಮಕ್ಕೆ ಆಗುವುದಿಲ್ಲ.

— ಸಂ.