ಚಿಕ್ಕ ಬಾಟಲಿ ಬೇಕೆಂದವರೇ ಏಕೆ ಕೊಳ್ಳಲಿಲ್ಲ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವುಗಳನ್ನು ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಮಾರುತ್ತೇನೆ. ಗ್ರಾಹಕರ ಮನಸ್ಸು ತಿಳಿಯಲೆಂದು ಮಗ ಗೂಗಲ್ ಫಾರ್ಮ್‌ನಲ್ಲಿ 22 ಪ್ರಶ್ನೆಗಳನ್ನು ಹಾಕಿಕೊಟ್ಟ. 600 ಜನರಿಗೆ ಕಳಿಸಿದೆವು, 41 ಮಂದಿ ಉತ್ತರಿಸಿದರು. ಹೆಚ್ಚಿನವರು ರುಚಿಯನ್ನು ಹೊಗಳಿ, ‘ಕಾಲು ಕೆಜಿಯ ಚಿಕ್ಕ ಬಾಟಲಿ ಮಾಡಿ, ಖಂಡಿತ ಕೊಳ್ಳುತ್ತೇವೆ’ ಎಂದು ಬರೆದರು. ಬಾಟಲಿ ತರಿಸಿ ತುಂಬಿಸಿಯೂ ಆಯಿತು; ಎಲ್ಲ ಕಪಾಟಿನಲ್ಲೇ ಇವೆ. ಜನ ಸುಳ್ಳು ಹೇಳುತ್ತಾರೆಯೇ?
– ಗೃಹಿಣಿ, ಉತ್ತರ ಕನ್ನಡ

ಉತ್ತರ: ಸುಳ್ಳೆನ್ನಬೇಡಿ ತಾಯಿ, ಅದು ದಾಕ್ಷಿಣ್ಯ. ಹುಬ್ಬಳ್ಳಿಯ ಸೀರೆ ಅಂಗಡಿಯೊಂದರಲ್ಲಿ ಬಹಳ ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ನಾನು. ‘ಬೇರೆ ಬಣ್ಣ ಬಂದಾಗ ಬರುತ್ತೇವೆ’ ಎಂದು ಎದ್ದವರು ಮತ್ತೆ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ಅವರ ಕೈ ಯಾವ ಸೆರಗಿನ ಮೇಲೆ ತಡೆಯಿತು, ಬೆಲೆಯ ಚೀಟಿ ನೋಡಿ ಯಾವುದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು ಎಂಬುದು ನನಗೆ ಕಾಣುತ್ತಿತ್ತು. ಮೊಬೈಲ್‌ನಲ್ಲಿ ಮಾರುವ ನಿಮಗೆ ಅದು ಕಾಣುವುದಿಲ್ಲ. ಹಾಗಾಗಿ ‘ಕೊಳ್ಳುತ್ತೀರಾ?’ ಎಂದು ಕೇಳುವುದನ್ನು ಬಿಟ್ಟು, ಆಗಿಹೋದದ್ದನ್ನು ಕೇಳಿ. ಕಳೆದ ಬಾಟಲಿ ಎಷ್ಟು ದಿನಕ್ಕೆ ಮುಗಿಯಿತು? ಮನೆಯಲ್ಲಿ ತಿಂದವರು ಯಾರು? ಅದಾದ ಮೇಲಿನ ಉಪ್ಪಿನಕಾಯಿ ಎಲ್ಲಿಂದ ಬಂತು? ಡಬ್ಬ ತೆರೆದಾಗ ತೊಡದೇವು ಎಷ್ಟು ಮುರಿದಿತ್ತು? ಇಂಥವಕ್ಕೆ ದಾಕ್ಷಿಣ್ಯದ ಉತ್ತರ ಕೊಡುವುದು ಕಷ್ಟ.

ಚಿಕ್ಕ ಬಾಟಲಿಯ ವಿಷಯದಲ್ಲಿ ನನ್ನ ಅನುಮಾನ ಕೊರಿಯರ್ ಮೇಲೆ. ಅಲ್ಲಿ ಸಾಮಾನ್ಯವಾಗಿ ಅರ್ಧ ಕೆಜಿಯ ಹಂತಗಳಲ್ಲಿ ದರ ಏರುತ್ತದೆ. ಕಾಲು ಕೆಜಿ ಉಪ್ಪಿನಕಾಯಿ, ಗಾಜು, ಸುತ್ತಿದ ರಟ್ಟು ಎಲ್ಲ ಸೇರಿ ಅರ್ಧ ಕೆಜಿ ದಾಟಿತೋ, ಒಂದು ಕೆಜಿಯ ದುಡ್ಡು ತೆರಬೇಕು. ನಿಮ್ಮ ಫಾರ್ಮ್ ಬಾಟಲಿಯ ಗಾತ್ರ ಕೇಳಿತೇ ಹೊರತು ಮನೆ ಬಾಗಿಲಿಗೆ ಬಂದು ಬೀಳುವಾಗಿನ ಒಟ್ಟು ಬೆಲೆಯ ಮಾತೆತ್ತಲಿಲ್ಲ. ಎರಡು ಚಿಕ್ಕ ಬಾಟಲಿಗಳ ಜೋಡಿ ಮಾಡಿ, ಸಾಗಣೆ ಸೇರಿಸಿದ ಬೆಲೆ ಹಾಕಿ ಒಂದು ತಿಂಗಳು ನೋಡಿ. ಆ 22 ಪ್ರಶ್ನೆಗಳು ಹೇಳದ್ದನ್ನು ಅದು ಹೇಳೀತು.

ಇನ್ನು, ಉತ್ತರಿಸಿದ 41 ಜನ ಯಾರು? ನಿಮ್ಮ ಮೇಲೆ ಪ್ರೀತಿ ಇರುವವರು. ಮೌನವಾಗಿರುವ 559 ಮಂದಿಯ ಬಗ್ಗೆ ಅವರ ಹೊಗಳಿಕೆ ಏನನ್ನೂ ತಿಳಿಸುವುದಿಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತದ ಕಾರ್ಡ್ ಕಳಿಸಿತು. ವಾಪಸು ಬಂದದ್ದು 20 ಲಕ್ಷಕ್ಕೂ ಹೆಚ್ಚು. ಅವನ್ನು ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಆದರೆ ಎದುರಾಳಿ ರೂಸ್ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ವಿಳಾಸಗಳನ್ನು ಆಯ್ದದ್ದು ಟೆಲಿಫೋನ್ ಡೈರೆಕ್ಟರಿ, ಕಾರುಗಳ ನೋಂದಣಿಯಂಥ ಪಟ್ಟಿಗಳಿಂದ. ಆ ಬಡತನದ ವರ್ಷಗಳಲ್ಲಿ ಅವು ಉಳ್ಳವರ ಪಟ್ಟಿಗಳು. ಸಾಲದ್ದಕ್ಕೆ, ಕಾರ್ಡ್ ತಿರುಗಿ ಕಳಿಸಿದವರೂ ಎಲ್ಲರಂಥವರಾಗಿರಲಿಲ್ಲ. ಲಕ್ಷಗಟ್ಟಲೆ ಉತ್ತರ ಬಂದರೂ ಹೀಗಾಗುತ್ತದೆ ಎಂದಮೇಲೆ 41ರ ಮಾತೇನು!

ಆದ್ದರಿಂದ ಒಮ್ಮೆ ಕೊಂಡು ಮತ್ತೆ ಬಾರದವರ ಪಟ್ಟಿ ತೆಗೆಯಿರಿ. ಅದರಿಂದ ಹದಿನೈದು ಜನರಿಗೆ, ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಅನುಮತಿ ಕೇಳಿ, ನೀವೇ ಫೋನ್ ಮಾಡಿ. ಮಗನಿಂದ ಮಾಡಿಸಬೇಡಿ. ‘ಉಪ್ಪು ಹೆಚ್ಚಾಯಿತು’ ಎನ್ನುವಾಗಿನ ದನಿಯನ್ನು ಮಿಡಿ ಉಪ್ಪಿಗೆ ಹಾಕಿದ ಕೈಯವರೇ ಕೇಳಬೇಕು. ಸಮರ್ಥನೆಗೆ ಇಳಿಯಬೇಡಿ, ಕೇಳಿ ಬರೆದುಕೊಳ್ಳಿ.

ಫಾರ್ಮ್ ಬೇಕೇ ಬೇಕೆಂದರೆ ಐದು ಪ್ರಶ್ನೆ ಸಾಕು. ‘ಯಾವ ಊರು?’ ಎಂದು ಕೇಳುವುದೇಕೆ? ವಿಳಾಸದ ಪಿನ್‌ಕೋಡ್‌ನಲ್ಲೇ ಇದೆಯಲ್ಲ: 560 ಎಂದಿದ್ದರೆ ಬೆಂಗಳೂರು, 400 ಎಂದಿದ್ದರೆ ಮುಂಬಯಿ, 411 ಎಂದಿದ್ದರೆ ಪುಣೆ. ಸಂಬಳದ ಪ್ರಶ್ನೆ ಉಪ್ಪಿನಕಾಯಿಗೆ ಅಧಿಕಪ್ರಸಂಗ. ‘ರುಚಿ ಮತ್ತು ಪ್ಯಾಕಿಂಗ್ ಹೇಗಿತ್ತು?’ ಎಂಬುದನ್ನು ಎರಡಾಗಿ ಒಡೆಯಿರಿ. ರುಚಿ ಚೆನ್ನಾಗಿದ್ದು ಎಣ್ಣೆ ಸೋರಿದ್ದರೆ ಪಾಪ, ಅವರು ಏನೆಂದು ಬರೆಯಬೇಕು?

ಪ್ರಶ್ನೆ: ಮಕ್ಕಳ ಹತ್ತಿ ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ‘ನಮ್ಮನ್ನು ಇತರರಿಗೆ ಶಿಫಾರಸು ಮಾಡುತ್ತೀರಾ, ಹತ್ತಕ್ಕೆ ಎಷ್ಟು ಅಂಕ?’ ಎಂಬ ಒಂದೇ ಪ್ರಶ್ನೆ ಸಾಕೆಂದು ಗೆಳೆಯ ಹೇಳುತ್ತಾನೆ. ನಿಜವೇ?
– ಓದುಗ, ದಾವಣಗೆರೆ

ಉತ್ತರ: ಅಮೆರಿಕದ ವ್ಯಾಪಾರ ಸಲಹೆಗಾರ ಫ್ರೆಡ್ ರೈಕೆಲ್ಡ್ 2003ರಲ್ಲಿ ಪ್ರಚುರಪಡಿಸಿದ ಲೆಕ್ಕ ಅದು. 9, 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6ರವರೆಗೆ ಕೊಟ್ಟವರ ಶೇಕಡಾವಾರನ್ನು ಕಳೆಯಬೇಕು. 7, 8 ಕೊಟ್ಟವರನ್ನು ಎರಡೂ ಕಡೆ ಎಣಿಸುವುದಿಲ್ಲ. ನಮ್ಮಲ್ಲಿ ಪೂರ್ತಿ ಮೆಚ್ಚಿದವರೂ ‘ಹತ್ತಕ್ಕೆ ಹತ್ತು ಯಾರಿಗೆ ಕೊಡುತ್ತಾರೆ’ ಎಂದು ಎಂಟಕ್ಕೆ ನಿಲ್ಲಿಸುವುದುಂಟು. ಮೇಲಾಗಿ, ಉತ್ತರಿಸಿದವರು 20 ಮಂದಿಯಾದರೆ, ಇಬ್ಬರು ಒಂಬತ್ತರಿಂದ ಎಂಟಕ್ಕೆ ಇಳಿದ ಮಾತ್ರಕ್ಕೆ ನಿಮ್ಮ ಅಂಕ ಹತ್ತು ಕುಸಿಯುತ್ತದೆ. ಅದನ್ನು ನೋಡಿ ದರ್ಜಿಯನ್ನು ಬದಲಿಸಬೇಡಿ. ಅಂಕದ ಕೆಳಗೆ ‘ಏಕೆ?’ ಎಂದು ಒಂದು ಖಾಲಿ ಜಾಗ ಬಿಡಿ, ಮೊದಲು ಅದನ್ನು ಓದಿ. ಹಾಗೆಯೇ ವಾಪಸು ಬಂದ ಬಟ್ಟೆಗಳ ಅಳತೆಯನ್ನು ಒಂದೆಡೆ ಬರೆದಿಡಿ. ಎರಡು ವರ್ಷದ ಮಗುವಿನ ಅಂಗಿಯೇ ಮತ್ತೆ ಮತ್ತೆ ತಿರುಗಿ ಬರುತ್ತಿದ್ದರೆ, ಯಾರನ್ನೂ ಕೇಳಬೇಕಾಗಿಲ್ಲ.